ಒದ್ದೆ ಕೈ

ಆ ದಿನ ಬೆಳಿಗ್ಗೆ ದಟ್ಟ ಮಂಜು. ಎದುರುಮನೆಯ ಗೇಟು ಅಲ್ಲಿದೆಯೋ ಇಲ್ಲವೋ ಎಂದು ಅನುಮಾನ ಬರುವಂತಿತ್ತು. ಬೀದಿದೀಪ ಇನ್ನೂ ಉರಿಯುತ್ತಿತ್ತು. ಕಿಟಕಿಯ ಗಾಜು ಒಳಗಿನಿಂದ ಬೆವತು, ಹನಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಬೆಳಕು ಕೊಡುವವನು ಕೊಟ್ಟೇ ಕೊಡುತ್ತಾನೆ. ಆದರೆ ಅವನಿಗೂ ಒಂದೊಂದು ದಿನ ಏಳಲು ಬೇಸರವಾಗುತ್ತದೋ ಏನೋ.

“ಸೂಜಿ, ಆಕಳಿಸಬೇಡ ಕಣೇ. ನೀನು ಆಕಳಿಸಿದ್ರೆ ನಂಗೂ ಬರುತ್ತೆ,” ಎಂದು ಅಮ್ಮ ತಾನೇ ಆಕಳಿಸಿದಳು.

ಮಗಳು ಸೂಜಿಯ ಹಾಗೆ ತೆಳ್ಳಗಿದ್ದಾಳೆಂದು ಅಪ್ಪ ಇಟ್ಟ ಅಡ್ಡಹೆಸರು ಅದು. ಅವಳ ಕೆಲಸವೂ ಸೂಜಿಯದೇ. ಅಮ್ಮ ಮನೆಯಲ್ಲಿ ಕೂತು ಗ್ರೀಟಿಂಗ್ ಕಾರ್ಡ್ ಮಾಡುತ್ತಿದ್ದಳು. ಕಾಗದದ ಮೇಲೆ ಹಕ್ಕಿಯ ಆಕಾರದ ಡೈ, ಅಂದರೆ ಚೂಪು ಅಂಚಿನ ಲೋಹದ ಅಚ್ಚು, ಇಟ್ಟು ಮಷಿನ್ನಿನ ಹ್ಯಾಂಡಲ್ ತಿರುಗಿಸಿದರೆ ಆ ಕಡೆಯಿಂದ ಹಕ್ಕಿ ಕತ್ತರಿಸಿಕೊಂಡು ಬರುತ್ತಿತ್ತು. ಆದರೆ ಕಣ್ಣಿನ ತೂತು, ರೆಕ್ಕೆಯ ತೂತುಗಳಲ್ಲಿ ಕಾಗದದ ಚೂರು ಹಾಗೆಯೇ ಕಚ್ಚಿಕೊಂಡಿರುತ್ತಿತ್ತು. ಅದನ್ನು ಸೂಜಿಯ ಮೊನೆಯಿಂದ ಚುಚ್ಚಿ ಬೀಳಿಸುವುದು ಸೂಜಿಯ ಕೆಲಸ. ಚುಚ್ಚಿ ಚುಚ್ಚಿ ಅವಳಿಗೆ ಬೆರಳ ತುದಿ ಮರಗಟ್ಟಿತ್ತು.

ಅಮ್ಮನಿಗೆ ಆ ವಾರವಿಡೀ ಜ್ವರ. ಕೆಲಸ ಹಿಂದೆ ಬಿದ್ದಿತ್ತು. ಕಾರ್ಡುಗಳು ಅಂದು ಸಂಜೆ ಅಂಗಡಿ ಸೇರಲೇಬೇಕಿತ್ತು. ಅಂಗಡಿ ಆಂಟಿ ಅವನ್ನು ಒಂದು ಆಸ್ಪತ್ರೆಗೆ ಕೊಡುವವರಿದ್ದರು. ಅಲ್ಲಿನ ನರ್ಸ್‌ಗಳಿಗೆಲ್ಲ ಥ್ಯಾಂಕ್ಸ್ ಹೇಳುವ ಕಾರ್ಡು ಅವು. ಕಪ್ಪು ಇಂಕಿನಲ್ಲಿ ಒಂದು ಬೋಳು ಮರದ ಸ್ಟ್ಯಾಂಪು. ಅದು ಒಣಗಿದ ಮೇಲೆ ಅದರ ಮೇಲೆಯೇ ವಾಟರ್ ಕಲರಿನಲ್ಲಿ ತಿಳಿನೀಲಿ ಆಕಾಶ. ಕೊನೆಗೆ ಕೊಂಬೆಯ ಮೇಲೆ ಒಂದು ಹಕ್ಕಿ.

ಅಮ್ಮ ಎಂದಿನಂತೆ ಕಣ್ಣು ಮುಚ್ಚಿ, ಮೇಜಿಗೆ ಒಮ್ಮೆ ಕೈ ಮುಗಿದು ಸ್ಟ್ಯಾಂಪು ಹಿಡಿದಳು. ಒಂದೊಂದೇ ಮರ ಕಾಗದದ ಮೇಲೆ ಎದ್ದು ನಿಂತಿತು. ಸೂಜಿ ಕಾರ್ಡುಗಳನ್ನು ಅಂಚು ಹಿಡಿದು ಸಾಲಾಗಿ ಹರಡಿದಳು. ಆಮೇಲೆ ಹೋಗಿ ಮುಖಕ್ಕೆ ಎರಡು ಬೊಗಸೆ ನೀರು ಹಾಕಿ, ಅವಸರದಲ್ಲಿ ಯೂನಿಫಾರ್ಮಿಗೇ ಕೈ ಒರೆಸಿಕೊಂಡಳು. ಬಂದು ಸ್ಟ್ಯಾಂಪನ್ನು ಬಟ್ಟೆಯಿಂದ ಒರೆಸಿಟ್ಟಾಗ ಬೆರಳೆಲ್ಲ ಕಪ್ಪಾಯಿತು.

ಅಮ್ಮ ಆಗಲೇ ಬ್ರಶ್ ಅದ್ದಿ ಮೊದಲ ಕಾರ್ಡಿಗೆ ನೀಲಿ ಎಳೆದಿದ್ದಳು. ನೀಲಿ ಕೊಂಬೆಗೆ ತಾಗಿದ್ದೇ ತಡ, ಕಪ್ಪು ಕರಗಿ ಹರಡಿತು. ಮರವಿದ್ದಲ್ಲಿ ಮಸಿಯ ಮುದ್ದೆ. ಇನ್ನೊಂದು ಕಾರ್ಡು ಎಳೆದುಕೊಂಡಳು. ಅದೂ ಹಾಗೆಯೇ. ಮತ್ತೊಂದು. ಅದೂ.

“ಒದ್ದೆ ಕೈಲಿ ಮುಟ್ಟಿದ್ಯಾ?”

“ಇಲ್ಲಮ್ಮ. ಅಂಚು ಹಿಡ್ಕೊಂಡೇ ಇಟ್ಟೆ. ಮುಖ ತೊಳೆದಿದ್ದು ಆಮೇಲೆ.”

“ಸುಳ್ಳು ಹೇಳಬೇಡ. ನಿನ್ನ ಮುಖದಲ್ಲಿ ಇನ್ನೂ ನೀರಿದೆ. ಎದ್ದೇಳು ಮೇಜಿಂದ.”

ಅಷ್ಟರಲ್ಲಿ ಫೋನ್ ಬಂತು. ಅಂಗಡಿ ಆಂಟಿ. ಕಾರ್ಡು ಎಲ್ಲಿಗೆ ಬಂತು ಎಂದು ಕೇಳಿರಬೇಕು. ಅಮ್ಮ ಹಣೆ ಒತ್ತಿಕೊಳ್ಳುತ್ತ, ಮಗಳು ಒದ್ದೆ ಕೈ ಇಟ್ಟು ಒಂದಷ್ಟು ಹಾಳು ಮಾಡಿಬಿಟ್ಟಳು, ಏನು ಮಾಡೋದು ಆಂಟಿ, ಹೇಗಾದ್ರೂ ಸಂಜೆಯೊಳಗೆ ತಂದುಕೊಡ್ತೀನಿ ಎಂದಳು.

ಸೂಜಿ ಬಾಗಿಲ ಬಳಿ ಶೂ ಲೇಸ್ ಕಟ್ಟುತ್ತಿದ್ದಳು. ಬೈದದ್ದೇನೋ ಬೈದದ್ದು, ಅಮ್ಮ ಬೈಯದೆ ಇನ್ನಾರು ಬೈಯಬೇಕು. ಆದರೆ ಊರಿಗೆಲ್ಲ ಹೇಳುವುದೇ? ಲೇಸಿನ ಗಂಟು ಎರಡು ಸಲ ಬಿಚ್ಚಿಹೋಯಿತು. ಹೋಗಿಬರ್ತೀನಿ ಎಂದೂ ಹೇಳದೆ ಅವಳು ಮಂಜಿನೊಳಗೆ ನಡೆದಳು.

ಶಾಲೆಯಲ್ಲಿ ಬೆಳಗಿನ ಪಾಠಗಳು ಒಂದೂ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಕೂರುವ ಗೆಳತಿಯನ್ನು ಕ್ಲಾಸಿನವರೆಲ್ಲ ರೇಡಿಯೊ ಎನ್ನುತ್ತಿದ್ದರು, ಬಾಯಿ ಮುಚ್ಚುವುದೇ ಇಲ್ಲವಲ್ಲ. ಅವಳು ಮೂರು ಸಲ ಏನಾಯ್ತು ಎಂದು ಕೇಳಿ, ಉತ್ತರ ಬಾರದಿದ್ದಾಗ ತನ್ನ ಮನೆಯ ಬೆಕ್ಕಿನ ಕತೆ ಶುರುಮಾಡಿದಳು.

ಮಧ್ಯಾಹ್ನ ಊಟಕ್ಕೆ ಮುಂಚೆ ಕೈ ತೊಳೆಯಲು ಎಲ್ಲರೂ ನಲ್ಲಿಯ ಬಳಿ ಸಾಲು ನಿಂತರು. ಸೂಜಿಯ ಸರದಿ ಬಂತು. ನಲ್ಲಿಯ ಕೆಳಗೆ ಕೈ ಹಿಡಿದಳು. ಬೆರಳಿಂದ ಕಪ್ಪು ನೀರು ಇಳಿದು, ಸಿಂಕಿನ ತೂತಿನಲ್ಲಿ ಸುತ್ತಿ ಸುತ್ತಿ ಹೋಯಿತು.

“ಅರೆ, ನಿನ್ನ ಕಲ್ಲಿದ್ದಲು ಕೈ ಇವತ್ತು ಬೆಳ್ಳಗಾಯ್ತಲ್ಲೇ,” ಎಂದಳು ರೇಡಿಯೊ. “ಯಾವ ಸೋಪು?”

ಸೋಪು ಇರಲೇ ಇಲ್ಲ. ಸೂಜಿ ತನ್ನ ಬೆರಳುಗಳನ್ನೇ ನೋಡಿದಳು. ಅಮ್ಮ ಮರಕ್ಕೆ ಬಳಸುವ ಇಂಕು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಸೋಪು ಹಾಕಿ, ಕಲ್ಲಿಗೆ ಉಜ್ಜಿದರೂ ಉಗುರ ಸಂದಿಯಲ್ಲಿ ಕೂತೇ ಇರುತ್ತದೆ. ಆ ಕೈ ನೋಡಿಯೇ ರೇಡಿಯೊ ಕಲ್ಲಿದ್ದಲು ಎಂದು ಹೆಸರಿಟ್ಟದ್ದು. ನೀರಿಗೆ ಕರಗುವ ಕಪ್ಪು ಬೇರೆ ಇದೆ. ಕಾರ್ಡಿನ ಒಳಗೆ ಥ್ಯಾಂಕ್ ಯೂ ಎಂದು ಒತ್ತುವುದಕ್ಕೆ ಅದು. ಅದರ ಮೇಲೆ ಬಣ್ಣ ಬಳಿಯುವುದಿಲ್ಲ. ಎರಡು ಇಂಕ್ ಪ್ಯಾಡುಗಳೂ ಒಂದೇ ಥರ, ಅವಳಿ ಮಕ್ಕಳ ಹಾಗೆ. ಗುರುತಿಗೆಂದು ಅಮ್ಮ ಕರಗದ ಪ್ಯಾಡಿನ ಮುಚ್ಚಳಕ್ಕೆ ಕೆಂಪು ನೇಲ್ ಪಾಲಿಶಿನ ಚುಕ್ಕಿ ಇಟ್ಟಿದ್ದಳು.

“ನೀರೆಲ್ಲ ನೀನೇ ಖಾಲಿ ಮಾಡ್ತೀಯಾ?” ಹಿಂದಿನಿಂದ ಯಾರೋ ತಳ್ಳಿದರು.

ಹಾಗಾದರೆ ತಾನು ಹಾಳು ಮಾಡಿರಲಿಲ್ಲ. ಅಮ್ಮನೇ ಬೇರೆ ಇಂಕಿನಲ್ಲಿ ಮರ ಒತ್ತಿದ್ದಳು.

ಊಟದ ಡಬ್ಬಿ ಮುಂದಿಟ್ಟುಕೊಂಡು ಸೂಜಿ ಮಾತು ಜೋಡಿಸತೊಡಗಿದಳು. ಬಾಗಿಲಲ್ಲೇ ನಿಂತು ಹೇಳಬೇಕು: ಯಾರದು ಒದ್ದೆ ಕೈ, ಈಗ ಹೇಳು. ಉಹೂಂ, ಇನ್ನೂ ಖಾರವಾಗಿರಬೇಕು. ಆಂಟಿಗೆ ಫೋನ್ ಮಾಡು, ಈಗಲೇ ಮಾಡು, ನನ್ನ ಮುಂದೆಯೇ ಮಾಡು. ಇದು ಪರವಾಗಿಲ್ಲ. ಮಧ್ಯಾಹ್ನದ ಪಾಠಗಳ ಪೂರ್ತಿ ಅವಳು ಆ ಮಾತುಗಳನ್ನು ಪೆನ್ಸಿಲ್ ಚೂಪು ಮಾಡಿದ ಹಾಗೆ ಚೂಪು ಮಾಡುತ್ತಲೇ ಇದ್ದಳು.

ಕೊನೆಯ ಪೀರಿಯಡ್ಡಿನಲ್ಲಿ ಇದ್ದಕ್ಕಿದ್ದಂತೆ ಇನ್ನೊಂದು ಹೊಳೆಯಿತು. ಅಮ್ಮ ಈಗ ಹೊಸ ಕಾರ್ಡುಗಳಿಗೂ ಅದೇ ಪ್ಯಾಡಿನಿಂದ ಮರ ಒತ್ತಿರುತ್ತಾಳೆ. ಮಂಜು ಕರಗಲಿ, ಕಾಗದ ಒಣಗಲಿ ಎಂದು ಕಾದು, ನೀಲಿ ಬಳಿಯಲು ಕೂರುತ್ತಾಳೆ. ಎಲ್ಲವೂ ಹೋಗುತ್ತವೆ. ಬೆಲ್ ಹೊಡೆದದ್ದೇ ಬ್ಯಾಗು ಎದೆಗವಚಿಕೊಂಡು ಓಡಿದಳು.

ಮನೆಯ ಬಾಗಿಲು ಬರೀ ಮುಂದೆ ಮಾಡಿತ್ತು. ಒಳಗೆ ಹಾಸಿಗೆ, ಕುರ್ಚಿ, ನೆಲ, ಎಲ್ಲೆಲ್ಲೂ ಬೋಳು ಮರಗಳು. ಕಾಲಿಡಲು ಜಾಗವಿಲ್ಲ. ತಟ್ಟೆಯಲ್ಲಿ ನೀಲಿ ಕಲಸಿ ಇಟ್ಟಿತ್ತು. ಬ್ರಶ್ ನೀರಿನ ಲೋಟದಲ್ಲಿತ್ತು. ಅಮ್ಮ ಮಾತ್ರ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಒಂದು ಕಾರ್ಡು ಅವಳ ಕೆನ್ನೆಯಡಿ ಸಿಕ್ಕಿಕೊಂಡಿತ್ತು.

ಸೂಜಿ ಉಸಿರು ಎಳೆದುಕೊಂಡಳು. ಮಾತು ತುದಿ ನಾಲಿಗೆಗೆ ಬಂತು.

ಆಗ ಅಮ್ಮ ಕಣ್ಣು ಬಿಟ್ಟು ತಲೆ ಎತ್ತಿದಳು. ಜ್ವರದ ಬೆವರಿಗೆ ಕಾರ್ಡಿನ ಮರ ಅವಳ ಕೆನ್ನೆಗೆ ಇಳಿದಿತ್ತು, ಕೊಂಬೆ ರೆಂಬೆ ಸಮೇತ. ಕಣ್ಣು ಕೆಂಪಗಿದ್ದವು. ಎಲ್ಲಿದ್ದೇನೆಂದು ಅವಳಿಗೆ ಗೊತ್ತಾದ ಹಾಗೆ ಕಾಣಲಿಲ್ಲ. ಆದರೂ ಕೈ ತಾನಾಗಿ ಬ್ರಶ್ ಹುಡುಕಿಕೊಂಡು ಹೋಯಿತು. ಅದ್ದಿತು. ಎತ್ತಿತು.

ಇಡೀ ಮಧ್ಯಾಹ್ನ ಚೂಪು ಮಾಡಿದ ಮಾತುಗಳಲ್ಲಿ ಒಂದೂ ಸೂಜಿಯ ಬಾಯಿಂದ ಬರಲಿಲ್ಲ. ಅವಳು ಮರಗಳನ್ನು ದಾಟಿ ಹೋಗಿ ಅಮ್ಮನ ಮಣಿಕಟ್ಟು ಹಿಡಿದಳು. ಕೈ ಕೆಂಡದ ಹಾಗೆ ಸುಡುತ್ತಿತ್ತು.

“ಬೇಡಮ್ಮ. ಇಲ್ಲಿ ನೋಡು.”

ಲೋಟದಲ್ಲಿ ಬೆರಳು ಅದ್ದಿ, ಕೆನ್ನೆಯಡಿ ಸಿಕ್ಕಿದ್ದ ಕಾರ್ಡಿನ ಮೇಲೆ ಎಳೆದಳು. ಕೊಂಬೆ ಬೆರಳ ಹಿಂದೆಯೇ ಬಂದುಬಿಟ್ಟಿತು.

ಅಮ್ಮ ಅದನ್ನು ನೋಡಿದಳು. ಎರಡೂ ಪ್ಯಾಡುಗಳನ್ನು ಎಳೆದುಕೊಂಡು, ಒಂದೊಂದಕ್ಕೂ ಬೆರಳು ಒತ್ತಿ ನೀರಿನಲ್ಲಿ ಅದ್ದಿದಳು. ಒಂದರದು ತೊಳೆದುಹೋಯಿತು, ಇನ್ನೊಂದರದು ನಿಂತಿತು. ಕೆಂಪು ಚುಕ್ಕಿಯ ಮುಚ್ಚಳ ತೊಳೆದುಹೋದ ಪ್ಯಾಡಿನ ಮೇಲಿತ್ತು.

“ನಿನ್ನೆ ಸಂಜೆ ಮುಚ್ಚಳ ಹಾಕಿದ್ದು ನಾನೇ,” ಎಂದಳು ಅಮ್ಮ. “ಅದಲು ಬದಲಾಗಿದೆ.” ಆಮೇಲೆ ನೆಲದ ಕಡೆ ಕೈ ತೋರಿಸಿದಳು. “ಕಾರ್ಡಿನ ಕಾಗದ ಇನ್ನು ಇಲ್ಲ ಕಣೇ. ಇಷ್ಟೇ.”

ಬೆಳಗಿನ ಮಾತು ಎತ್ತುತ್ತಾಳೆಂದು ಸೂಜಿ ಕಾದಳು. ಅಮ್ಮ ಎತ್ತಲಿಲ್ಲ. ಮತ್ತೆ ಮೇಜಿಗೆ ಒರಗಿದಳು, ಗಾಳಿ ಹೋದ ಬಲೂನಿನ ಹಾಗೆ.

ಬಸ್ ಡ್ರೈವರ್ ಅಪ್ಪ ಕೆಲಸ ಮುಗಿಸಿ ಆಗ ಒಳಗೆ ಬಂದ. ಬೆಳಗಿನ ಜಾವ ಹೋದವನು, ಮಂಜಿನಲ್ಲಿ ರಸ್ತೆ ದಿಟ್ಟಿಸಿ ದಿಟ್ಟಿಸಿ ಕಣ್ಣು ಬಿಡಲಾರದೆ ಇದ್ದ. ಹೊಸ್ತಿಲಲ್ಲೇ ನಿಂತು ಅಮ್ಮನ ಮುಖ ನೋಡಿ, “ಕೆನ್ನೆ ಮೇಲೆ ಗಿಡ ನೆಟ್ಟೋರು ಯಾರು?” ಎಂದ. ಯಾರೂ ನಗದಿದ್ದಾಗ ಚಪ್ಪಲಿ ಕಳಚಿ ಮೆಲ್ಲಗೆ ಒಳಗೆ ಬಂದು, ನಡೆದದ್ದನ್ನೆಲ್ಲ ಕೇಳಿಸಿಕೊಂಡ.

“ನೀಲಿನ ಇದರ ಮೇಲೆ ಬಳಿಯೋ ಹಾಗಿಲ್ಲ,” ಎಂದಳು ಸೂಜಿ, ತನಗೆ ತಾನೇ ಹೇಳಿಕೊಳ್ಳುವವಳಂತೆ. “ಬೇರೆ ಕಾಗದಕ್ಕೆ ಬಳಿದು, ಕತ್ತರಿಸಿ ಅಂಟಿಸಿದ್ರೆ? ಆ ಚಿಕ್ಕ ಎಲೆಯ ಡೈ ಇದೆಯಲ್ಲ.”

ಅಮ್ಮ ಅವಳ ಮುಖ ನೋಡಿದಳು. ಎದ್ದು, ಕೆನ್ನೆಯ ಮರವನ್ನು ಸೆರಗಿನಿಂದ ಒರೆಸಿಕೊಂಡಳು.

ಸೂಜಿಯ ಡ್ರಾಯಿಂಗ್ ಪುಸ್ತಕದ ಖಾಲಿ ಹಾಳೆಗಳೆಲ್ಲ ನೀಲಿಯಾದವು. ಇಸ್ತ್ರಿಪೆಟ್ಟಿಗೆಯಿಂದ ಅವನ್ನು ಒಣಗಿಸಿದ್ದಾಯಿತು. ಅಪ್ಪ ಕಣ್ಣು ಮುಚ್ಚಿಕೊಂಡೇ ಮಷಿನ್ನಿನ ಹ್ಯಾಂಡಲ್ ತಿರುಗಿಸಿದ. ಈ ಗಾಡಿಯಲ್ಲಿ ಹಾರ್ನೂ ಇಲ್ಲ, ಪ್ಯಾಸೆಂಜರೂ ಇಲ್ಲ, ಇದೇ ಸುಖ ಎಂದ. ನೀಲಿ ಎಲೆಗಳು ಉದುರಿದವು. ಸೂಜಿ ಚೂರು ಚುಚ್ಚಿ ತೆಗೆದಳು, ಅಮ್ಮ ಗಮ್ ಹಚ್ಚಿದಳು. ಬೋಳು ಮರಗಳು ಒಂದೊಂದಾಗಿ ಎಲೆ ಬಿಟ್ಟವು. ನೀಲಿ ಎಲೆ ಬಿಡೋದು ಯಾವ ಜಾತಿಯ ಮರ ಎಂದು ಅಪ್ಪ ಕೇಳಿದ. “ನಮ್ಮನೆ ಜಾತಿದು,” ಎಂದಳು ಸೂಜಿ. ಆಗ ಅಮ್ಮನಿಗೆ ಚೂರು ನಗು ಬಂತು. ಪೂರ್ತಿ ನಗುವಷ್ಟು ತ್ರಾಣವಿರಲಿಲ್ಲ.

ಕೊನೆಯ ಹಕ್ಕಿ ಕೂತಾಗ ಹೊರಗೆ ಬೀದಿದೀಪ ಮತ್ತೆ ಹತ್ತಿತ್ತು. ಅಪ್ಪ ಗೋಡೆಗೆ ಒರಗಿದಲ್ಲೇ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸದೆ, ಅಮ್ಮ ಮಗಳು ಚೀಲದ ಒಂದೊಂದು ಹಿಡಿ ಹಿಡಿದುಕೊಂಡು ಅಂಗಡಿಗೆ ಹೊರಟರು. ದಾರಿಯಲ್ಲಿ ಸೂಜಿ ಎರಡು ಸಲ ಏನೋ ಹೇಳಿದಳು. ಅಮ್ಮ ಹೂಂ ಎಂದಳು, ಅಷ್ಟೇ. ಪಾಪ, ಸುಸ್ತು ಎಂದುಕೊಂಡಳು ಸೂಜಿ.

ಅಂಗಡಿ ಆಂಟಿ ಆಗಲೇ ಷಟರ್ ಅರ್ಧ ಇಳಿಸಿದ್ದರು. ಇವರನ್ನು ನೋಡಿ ಮತ್ತೆ ಮೇಲೆ ತಳ್ಳಿದರು. ಒಳಗೆ ಒಬ್ಬ ಅಜ್ಜ ಪೆನ್ ಆರಿಸುತ್ತಿದ್ದ. ಆಂಟಿ ಕಾರ್ಡುಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ನೀಲಿ ಎಲೆಯ ಮೇಲೆ ಬೆರಳಾಡಿಸಿದರು. ಮೊದಲು ಹೇಳಿದ್ದಕ್ಕಿಂತ ಇದೇ ಚೆನ್ನಾಗಿದೆ ಎಂದರು. ಆಮೇಲೆ ಕನ್ನಡಕದ ಮೇಲಿಂದ ಸೂಜಿಯನ್ನು ನೋಡಿದರು.

“ಓಹೋ, ಒದ್ದೆ ಕೈ ರಾಣಿ ಇವಳೇನಾ? ಬೆಳಗ್ಗೆ ಅಮ್ಮನ್ನ ಚೆನ್ನಾಗಿ ಅಳಿಸಿದೆಯಲ್ಲಮ್ಮ.”

ತಮಾಷೆಗೇ ಅಂದದ್ದು. ಪೆನ್ ಆರಿಸುತ್ತಿದ್ದ ಅಜ್ಜನೂ ತಿರುಗಿ ನೋಡಿ ಮುಗುಳ್ನಕ್ಕ. ಸೂಜಿಯ ಕಿವಿ ಬಿಸಿಯಾಯಿತು. ತಾನು ಹೇಳಬಹುದಿತ್ತು. ಹೇಳಲು ಬಾಯಿಯೂ ತೆರೆದಳು. ಪಕ್ಕದಲ್ಲಿ ಮೇಜಿನ ಅಂಚು ಹಿಡಿದು ನಿಂತಿದ್ದ ಅಮ್ಮನ ಕೈ ನೋಡಿದಳು. ಬೆರಳುಗಳಿಗೆ ಗಮ್ಮೂ ನೀಲಿಯೂ ಇನ್ನೂ ಅಂಟಿಕೊಂಡಿದ್ದವು. ಬಾಯಿ ಮುಚ್ಚಿ, ಹೋಗಲಿ ಬಿಡು ಎಂದು ತನ್ನ ಶೂ ನೋಡುತ್ತ ನಿಂತಳು.

“ಆಂಟಿ,” ಎಂದಳು ಅಮ್ಮ.

ಮೇಜಿನ ಅಂಚು ಬಿಟ್ಟು ನೆಟ್ಟಗೆ ನಿಂತಳು.

“ಅವಳ ಕೈ ಒಣಗೇ ಇತ್ತು. ಬೆಳಗ್ಗೆ ಫೋನಲ್ಲಿ ನಾನು ಹೇಳಿದ್ದು ಸರಿಯಲ್ಲ. ತಪ್ಪು ಇಂಕು ತಗೊಂಡಿದ್ದು ನಾನು. ಅವಳು ನಿಜ ಹೇಳಿದ್ರೂ ನಾನು ನಂಬಲಿಲ್ಲ.”

ಆಂಟಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಅಜ್ಜ ಪೆನ್ನಿನ ಕಡೆ ತಿರುಗಿಕೊಂಡ.

ದಾರಿಯುದ್ದಕ್ಕೂ ಅಮ್ಮ ಏಕೆ ಮಾತಾಡಲಿಲ್ಲವೆಂದು ಸೂಜಿಗೆ ಆಗ ತಿಳಿಯಿತು. ಚೀಲಕ್ಕಿಂತ ಭಾರವಾದ ಇನ್ನೊಂದನ್ನು ಅವಳು ಒಬ್ಬಳೇ ಹೊತ್ತು ತಂದಿದ್ದಳು.

“ಈ ಎಲೆಯ ಉಪಾಯ,” ಎಂದಳು ಅಮ್ಮ, ಕಾರ್ಡೊಂದನ್ನು ಆಂಟಿಯ ಕಡೆ ಮೆಲ್ಲಗೆ ಸರಿಸುತ್ತ, “ಇವಳದ್ದೇ.”