ಪೈನ್ ಮರದ ಶಿಲ್ಲಿಂಗ್

ಬೆಳ್ಳಿ ನಾಣ್ಯವನ್ನು ಆರಿನ್ ಪೆಲ್ ನೋಡುವ ರೀತಿಯೇ ಬೇರೆ. ಅಂಚನ್ನಷ್ಟೇ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ, ಉಸಿರು ತಾಗದಂತೆ ಮುಖ ವಾರೆ ಮಾಡುತ್ತಿದ್ದ.

ವೂಸ್ಟರ್ ಊರಿನ ನಾಣ್ಯಪ್ರಿಯರ ಕ್ಲಬ್ಬಿನಲ್ಲಿ ನಾಲ್ಕು ವರ್ಷಗಳಿಂದ ರೊಸಲಿಂಡ್ ಹ್ಯಾಚ್ ಆ ಬೆರಳುಗಳನ್ನು ಕದ್ದು ನೋಡುತ್ತಿದ್ದಳು. ಅವಳಿಗೆ ನಲವತ್ತೆಂಟು, ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ. ಅವನು ಹಳೆಯ ನಾಣ್ಯಗಳ ವ್ಯಾಪಾರಿ. ಅವನು ‘ಅಸಲಿ’ ಎಂದರೆ ಊರಿನಲ್ಲಿ ಎರಡನೇ ಮಾತಿರಲಿಲ್ಲ.

ವಸಂತದಲ್ಲಿ ಅವಳು ಅಪ್ಪ ಕೂಡಿಟ್ಟಿದ್ದ ಹನ್ನೊಂದು ಅಪರೂಪದ ಹಳೆಯ ಅರ್ಧ ಡಾಲರ್ ನಾಣ್ಯಗಳನ್ನು ಅವನಿಗೆ ಕೊಟ್ಟು, ಬದಲಿಗೆ ಒಂದೇ ಒಂದು ಪೈನ್ ಮರದ ಶಿಲ್ಲಿಂಗ್ ತಂದಿದ್ದಳು. ಅಮೆರಿಕ ಎಂಬ ದೇಶ ಹುಟ್ಟುವ ಮೊದಲೇ ಬಾಸ್ಟನ್ನಿನಲ್ಲಿ ಅಚ್ಚಾದ ಬೆಳ್ಳಿ. ಒಂದು ಬದಿಗೆ ಸೊಟ್ಟ ಮರ, ಇನ್ನೊಂದು ಬದಿಗೆ 1652.

ಅಕ್ಟೋಬರಿನ ಸಭೆಯಲ್ಲಿ ಅದನ್ನು ತೋರಿಸುವ ಸರದಿ ಅವಳದು. ಕ್ಲಬ್ಬು ಸೇರುವ ಚರ್ಚಿನ ನೆಲಮಾಳಿಗೆ ತುಂಬಿತ್ತು. ಹೊಸ ನೀಲಿ ಸ್ವೆಟರ್ ತೊಟ್ಟು, ಎರಡು ಸಾಲು ಮಾತಾಡಿದ್ದಳೋ ಇಲ್ಲವೋ, ಆರಿನ್ ಎದ್ದು ನಿಂತ.

“ಕ್ಷಮಿಸಿ. ಅದು ನಕಲಿ.”

ಅವಳ ಕಿವಿ ಬಿಸಿಯಾಯಿತು. “ಕೊಟ್ಟೋರು ನೀವೇ ಅಲ್ವಾ?”

“ಹೌದು, ನಾನೇ. ತಪ್ಪು ನಂದೇ,” ಎಂದ ಆರಿನ್, ಎಲ್ಲರಿಗೂ ಕೇಳುವಂತೆ. “ಹೋದ ವಾರ ಇನ್ನೊಂದು ಶಿಲ್ಲಿಂಗ್ ನೋಡ್ದೆ. ಮರದ ಪಕ್ಕ ಇದೇ ತಗ್ಗು, ಇದೇ ಗೀರು. ಎರಡು ನಾಣ್ಯಕ್ಕೆ ಒಂದೇ ಥರ ಗಾಯ ಆಗಲ್ಲ. ಯಾರೋ ಒಂದೇ ಅಸಲಿ ನಾಣ್ಯದಿಂದ ಅಚ್ಚು ತೆಗೆದು ಎರಡನ್ನೂ ಎರಕ ಹೊಯ್ದಿದ್ದಾರೆ. ನಾನು ಮೋಸ ಹೋದೆ, ಇವರನ್ನೂ ಮೋಸಕ್ಕೆ ಸಿಕ್ಕಿಸಿದೆ. ನನ್ನಿಂದ ಏನೇ ಕೊಂಡಿದ್ರೂ ತನ್ನಿ, ಮತ್ತೆ ನೋಡಿಕೊಡ್ತೀನಿ.”

ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಇಬ್ಬರು ಎದ್ದು ಹೊರಗೆ ನಡೆದರು. ರೊಸಲಿಂಡ್ ಕೋಟು ಎತ್ತಿಕೊಂಡು ಮೆಟ್ಟಿಲು ಹತ್ತಿಬಿಟ್ಟಳು.

ಹೊರಗೆ, ಎಲೆ ಕೆಂಪಾದ ಮೇಪಲ್ ಮರದ ಕೆಳಗೆ ಅವನು ಏದುಸಿರು ಬಿಡುತ್ತಾ ಅವಳ ಬಳಿ ಓಡಿಬಂದ. ಕೈಯಲ್ಲಿ, ವಾಪಸು ಕೊಡಲೆಂದು ತಂದಿದ್ದ ಅವಳ ಅಪ್ಪನ ಹಳೆಯ ನಾಣ್ಯದ ಆಲ್ಬಮ್ಮು. ಹನ್ನೊಂದೂ ನಾಣ್ಯ ಹಾಗೇ ಇದ್ದವು.

“ಮಾರಿಲ್ವಾ?”

“ಅಪ್ಪನ ನಾಣ್ಯ ನೋಡೋ ನೆಪದಲ್ಲಾದ್ರೂ ನೀವು ಅಂಗಡಿಗೆ ಬರ್ತೀರಿ ಅಂದ್ಕೊಂಡಿದ್ದೆ. ಬರಲೇ ಇಲ್ಲ.”

“ನೀವು ಕರೀಲೇ ಇಲ್ವಲ್ಲ.” ನಗು ಬಂದಿತ್ತು; ಅವಳು ನುಂಗಿಕೊಂಡಳು. “ಶಿಲ್ಲಿಂಗ್ ನಕಲಿ ಅಂತ ನನ್ನೊಬ್ಬಳಿಗೇ ಹೇಳಬಹುದಿತ್ತು. ಅಷ್ಟು ಜನರ ಮುಂದೆ ಯಾಕೆ?”

“ಒಬ್ರಿಗೇ ಹೇಳಿದ್ರೆ ನೀವು ಮುಚ್ಚಿಡ್ತಿದ್ರಿ. ನನ್ನ ಹೆಸರು ಕೆಡಬಾರದು ಅಂತ.”

ಅದು ನಿಜ. ಖಂಡಿತ ಮುಚ್ಚಿಡುತ್ತಿದ್ದಳು, ಆ ಸುಳ್ಳು ಬೆಳ್ಳಿಯನ್ನು ಜೀವಮಾನವಿಡೀ ಅಸಲಿ ಎನ್ನುತ್ತಿದ್ದಳು. ತನ್ನನ್ನು ಇಷ್ಟು ಹತ್ತಿರದಿಂದ ಯಾರಾದರೂ ನೋಡಿದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಇನ್ನು ನನ್ನ ಅಂಗಡಿಗೆ ಯಾರು ಬರ್ತಾರೋ ಏನೋ,” ಎಂದ, ನೆಲ ನೋಡುತ್ತಾ.

“ನಾನು ಬರ್ತೀನಿ.”

“ನಾಣ್ಯ ನೋಡೋಕಾ?”

ಗಾಳಿಗೆ ಅವನ ಹಣೆಯ ಮೇಲೆ ಬಿದ್ದ ನರೆಗೂದಲನ್ನು ಅವಳು ಮೆಲ್ಲಗೆ ಸರಿಸಿದಳು. ಆರಿನ್ ಅಲುಗಾಡದೆ ನಿಂತ.

“ಅಲ್ಲ ಕಣೋ ಪೆದ್ದ,” ಎಂದಳು. “ನಿನ್ನ ನೋಡೋಕೆ.”