ನಾಲ್ಕು ನಿಮಿಷ ನಿಂತ ಚಿತ್ರ

ನವೆಂಬರ್ ಹನ್ನೊಂದರ ಬೆಳಿಗ್ಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವುದಕ್ಕಿಂತ ನಗು ತಡೆದುಕೊಳ್ಳುವುದೇ ಕಾನ್‌ಸ್ಟೇಬಲ್ ಯಾಸ್ನಾಗೆ ಕಷ್ಟವಾಯಿತು. ದುಬೊಚಾನಾ ಎಂಬ ದಿಣ್ಣೆಯೂರಿನ ಮುದುಕಿ ಸ್ತಮೇನಾ ತಲೆಗೆ ಕಪ್ಪು ವಸ್ತ್ರ ಬಿಗಿದು, ಒಂದು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ವಿಡಿಯೊ ತೆಗೆಯುವ ಬೋರಿಸಾವ್ ತನಗೆ ಮೋಸ ಮಾಡಿದ್ದಾನೆ, ಅವನನ್ನು ಒಳಗೆ ಹಾಕಬೇಕು ಎನ್ನುವುದು ದೂರು. ಮೋಸ ಏನೆಂದರೆ, ಓಡುತ್ತಾ ಓಡುತ್ತಾ ಚಿತ್ರ ನಿಂತುಬಿಡುತ್ತದೆ, ತುತ್ತೂರಿ ಮಾತ್ರ ಊದುತ್ತಲೇ ಇರುತ್ತದೆ.

ಟಿವಿ ಹಳೆಯದಿರಬೇಕು ಎಂದಳು ಯಾಸ್ನಾ.

"ಮಗ ವಿಯೆನ್ನಾದಿಂದ ತಂದಿದ್ದು. ನಿಮ್ಮ ಠಾಣೆಗಿಂತ ಹೊಸದು," ಎಂದಳು ಮುದುಕಿ.

ಒಳಗಿದ್ದ ಇನ್‌ಸ್ಪೆಕ್ಟರ್ ಸ್ವೆತೊಲಿಕ್‌ಗೆ ಇದು ಕೇಳಿಸಿತು. ಎದ್ದು ಬಂದ. ಸ್ತಮೇನಾಳ ಮುಖ ನೋಡಿದ ಕೂಡಲೇ ಅವನಿಗೆ ಸ್ವಲ್ಪ ಇರುಸುಮುರುಸಾಯಿತು. ಎರಡು ವಾರದ ಹಿಂದೆ ಇದೇ ಹೆಂಗಸಿನ ತಮ್ಮ ತ್ರಾಯ್ಲೊ ಅವಳದೇ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ ಸತ್ತು ಬಿದ್ದಿದ್ದ. ರಸ ಹುಳಿಯುವ ಕಾಲದಲ್ಲಿ ಮಾಳಿಗೆಯೊಳಗೆ ಕೆಟ್ಟ ಗಾಳಿ ತುಂಬುತ್ತದೆ. ಕುಡಿದವನು ದೀಪ ಹಿಡಿದು, ಅದು ಆರುತ್ತದೆಯೇ ಎಂದು ನೋಡದೆ ಇಳಿದ, ಸತ್ತ ಎಂದು ಒಂದೇ ಮಧ್ಯಾಹ್ನದಲ್ಲಿ ಕಡತ ಮುಚ್ಚಿದವನು ಸ್ವೆತೊಲಿಕ್‌ನೇ. ಊರವರೂ ಹೂಂ ಅಂದಿದ್ದರು. ಹೂಂ ಅನ್ನುವ ಜನ ಸಿಕ್ಕರೆ ಪೊಲೀಸರ ಕೆಲಸ ಬಲು ಹಗುರ.

ಮುದುಕಿ ಈಗ ಅಳುತ್ತಿದ್ದುದು ಮಾತ್ರ ತಮ್ಮನಿಗಲ್ಲ. ಅವಳ ಮಗಳು ಫ್ಲೋರಿಕಾ ಸತ್ತು ವರ್ಷವಾಗಿತ್ತು. ತಮ್ಮ ಸತ್ತ ದಿನವೇ, ಸಂತ ಪೆತ್ಕಾಳ ಹಬ್ಬದಂದು, ಊರ ಬಯಲಿನಲ್ಲಿ ಮಗಳ ಹೆಸರಿಗೆ ಒಂದು ಕುಣಿತ ಕೊಟ್ಟಿದ್ದಳು. ಆ ದಿಣ್ಣೆಯ ಊರುಗಳಲ್ಲಿ ಸತ್ತವರಿಗೆ ಅನ್ನ ಕೊಡುವ ಹಾಗೆಯೇ ಕುಣಿತವನ್ನೂ ಕೊಡುತ್ತಾರೆ. ಫೋಟೊ ಹಿಡಿದವರು ಮುಂದೆ, ಮೇಣದಬತ್ತಿ ಹಿಡಿದವರು ಹಿಂದೆ, ನಡುವೆ ಕಡಿಯದ ಹಾಗೆ ಸುತ್ತು. ವಿಯೆನ್ನಾದಲ್ಲಿ ಕಟ್ಟಡದ ಕೆಲಸ ಮಾಡುವ ಮಗ ಬರಲಾಗದೆ ವಿಡಿಯೊ ಕೇಳಿದ್ದ.

"ನಡುವೆ ಕಡಿದ್ರೆ ಅವಳಿಗೆ ಸಿಗೋದು ಅರ್ಧವೇ, ಸಾಹೇಬ. ನನ್ ಮಗಳು ಅಲ್ಲೂ ಅರ್ಧ ಹೊಟ್ಟೇಲಿ ಇರ್ಬೇಕಾ?"

ಸ್ವೆತೊಲಿಕ್‌ನ ತಾಯಿಯ ಊರೂ ಅದೇ ದಿಣ್ಣೆಯ ಮೇಲಿತ್ತು. ಅವನು ನಗಲಿಲ್ಲ. ಎಫ್‌ಐಆರ್ ಮಾಡುವಂಥದ್ದು ಏನೂ ಕಾಣದಿದ್ದರೂ, ಮುದುಕಿ ಮನೆಗೆ ಹೋದರೆ ಸಾಕೆಂದು ಪೆನ್‌ಡ್ರೈವ್ ಇಸಿದುಕೊಂಡ.

ಮೊದಲು ಠಾಣೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಕುಣಿತ ಶುರುವಾಯಿತು. ಪರದೆಯ ಬಲಮೂಲೆಯಲ್ಲಿ ಫ್ಲೋರಿಕಾಳ ಹೆಸರು, ಅದರ ಪಕ್ಕ ಉರಿಯುವ ಒಂದು ಮೇಣದಬತ್ತಿಯ ಚಿತ್ರ. ಬೋರಿಸಾವ್ ಎಲ್ಲ ಸತ್ತವರ ವಿಡಿಯೊಗೂ ಅದನ್ನು ಅಂಟಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ತ್ರಾಯ್ಲೊ ಕ್ಯಾಮೆರಾದ ಮುಂದೆ ಬಂದು, ಬಾಯಿ ಅಗಲಕ್ಕೆ ತೆರೆದು, ಒಂದು ಕೈ ಮೇಲೆತ್ತಿ ಗೊಂಬೆಯಂತೆ ನಿಂತ. ಹಿಂದೆ ಜನ ನಗುವ ಸದ್ದು. ಅಲ್ಲಿಗೆ ಚಿತ್ರ ನಿಂತಿತು. ತುತ್ತೂರಿ, ಡೋಲು ನಿಲ್ಲಲಿಲ್ಲ. ನಾಲ್ಕು ನಿಮಿಷ ಸತ್ತವನ ತೆರೆದ ಬಾಯಿಯನ್ನೇ ನೋಡುತ್ತಾ ಕೂತರು. ಆಮೇಲೆ ಕುಣಿತ ತಾನಾಗಿ ಮುಂದುವರಿಯಿತು.

ಅಂದರೆ ಟಿವಿಯ ತಪ್ಪಲ್ಲ. ಯಾಸ್ನಾ ತನ್ನ ಫೋನಿನಲ್ಲಿ ಹಾಕಿದಳು, ಅಲ್ಲೂ ಅದೇ ಜಾಗ. ಪೆನ್‌ಡ್ರೈವ್ ಕೆಟ್ಟಿರಬಹುದೆಂದು ಬೋರಿಸಾವ್‌ಗೆ ಫೋನ್ ಮಾಡಿ ಹೊಸ ಪ್ರತಿ ತರಿಸಿದರು. ಅವನೇ ತಂದುಕೊಟ್ಟ, ನಲವತ್ತೈದರ ಆಸುಪಾಸಿನ, ಮಾತಿಗಿಂತ ಮೊದಲು ಕ್ಷಮೆ ಕೇಳುವ ಆಸಾಮಿ. ಚಿತ್ರದ ತುಂಡುಗಳನ್ನೆಲ್ಲ ಸೇರಿಸಿ ಒಂದೇ ಫೈಲು ಮಾಡುವಾಗ, ಅಂದರೆ ರೆಂಡರ್ ಆಗುವಾಗ, ತನ್ನ ಕಂಪ್ಯೂಟರ್ ಕಾದು ಆ ತುಂಡು ಕೆಟ್ಟಿತು, ಇನ್ನೊಮ್ಮೆ ಮಾಡೋಣವೆಂದರೆ ಮೂಲವನ್ನು ಅಳಿಸಿಬಿಟ್ಟಿದ್ದೇನೆ ಎಂದ. ಹೊಸ ಪ್ರತಿಯಲ್ಲೂ ತ್ರಾಯ್ಲೊ ಅಲ್ಲೇ ಬಾಯಿ ತೆರೆದ.

ಯಾಸ್ನಾ ಕಾರಣ ಹುಡುಕುತ್ತಾ ಹೋದಳು. ರೆಂಡರ್ ಕೆಟ್ಟರೆ ಚಿತ್ರ ಚೌಕ ಚೌಕವಾಗಿ ಒಡೆಯಬೇಕು, ಇಲ್ಲವೇ ಬಣ್ಣ ಕಲಸಬೇಕು, ಇಲ್ಲವೇ ಧ್ವನಿ ಮುಂದೆ ಹೋಗಿ ಚಿತ್ರ ಹಿಂದೆ ಬೀಳಬೇಕು. ಇಲ್ಲಿ ಡೋಲಿನ ಪೆಟ್ಟಿಗೆ ಸರಿಯಾಗಿ ನಿಂತಿದೆ, ಪೆಟ್ಟಿಗೆ ಸರಿಯಾಗಿ ಎದ್ದಿದೆ. ಇಷ್ಟು ಅಚ್ಚುಕಟ್ಟಾಗಿ ಯಂತ್ರ ಕೆಡುವುದಿಲ್ಲ ಎಂದು ಅವಳ ವಾದ. ಸ್ವೆತೊಲಿಕ್ ಮತ್ತೆ ಹಾಕಿಸಿದ. ನಾಲ್ಕನೆಯ ಸಲ ತ್ರಾಯ್ಲೊನ ಬಾಯಿ ನೋಡಲಾರದೆ ಕಣ್ಣು ಮೂಲೆಗೆ ಹೊರಳಿಸಿದ. ಅವನ ಕೈಯಲ್ಲಿದ್ದ ಕಾಫಿ ಹಾಗೆಯೇ ನಿಂತಿತು.

"ಮೇಣದಬತ್ತಿ ನೋಡು."

"ಉರೀತಿದೆ ಸಾರ್."

"ಚಿತ್ರ ನಿಂತ ಮೇಲೂ ಉರೀತಿದೆಯಲ್ಲ."

ಯಾಸ್ನಾ ಕುರ್ಚಿ ಮುಂದೆಳೆದುಕೊಂಡಳು. ಫೈಲು ಕೆಟ್ಟು ನಿಂತಿದ್ದರೆ ಪರದೆಯ ಮೇಲಿನದೆಲ್ಲ ನಿಲ್ಲಬೇಕಿತ್ತು, ಬತ್ತಿಯ ಜ್ವಾಲೆಯೂ ಸೇರಿ. ಜ್ವಾಲೆ ಅಲ್ಲಾಡುತ್ತಿತ್ತು. ಅಂದರೆ ಯಾರೋ ಕೂತು, ಕುಣಿತದ ಮೇಲೆ ಒಂದು ನಿಂತ ಚಿತ್ರವನ್ನು ಹೊದಿಸಿ, ಅದರ ಮೇಲೆ ಮೇಣದಬತ್ತಿಯನ್ನು ಎಂದಿನಂತೆ ಓಡಿಸಿದ್ದರು.

ಅದನ್ನೂ ನಿಲ್ಲಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇಷ್ಟು ಗೊತ್ತಿದ್ದವನಿಗೆ ಅದೇಕೆ ಹೊಳೆಯಲಿಲ್ಲ ಎಂದಳು ಯಾಸ್ನಾ. ಅವಳು ಬೆಲ್‌ಗ್ರೇಡ್ ಪಟ್ಟಣದವಳು, ದಿಣ್ಣೆಯ ನಡಾವಳಿ ಅರಿಯಳು.

"ಹೊಳೆದಿರುತ್ತೆ. ಸತ್ತವಳ ಕುಣಿತ ನಡೀತಿರುವಾಗ ಬತ್ತಿ ಆರಿಸೋ ಕೈ ಆ ದಿಣ್ಣೆ ಮೇಲೆ ಹುಟ್ಟಿಲ್ಲ. ಕುಣಿತಾನ ಕತ್ತರಿಸಿಯೂ ಇಲ್ಲ ನೋಡು, ಅಳತೆ ಪೂರ್ತಿ ಇದೆ," ಎಂದ ಸ್ವೆತೊಲಿಕ್. ತ್ರಾಯ್ಲೊ ಸತ್ತ ದಿನದ ನಾಲ್ಕು ನಿಮಿಷವನ್ನು ಬೇಕೆಂದೇ ಮರೆಮಾಡಿದ್ದಾರೆ ಎಂದಾದ ಮೇಲೆ, ಅವನ ಕಡತವನ್ನು ಕಪಾಟಿನಿಂದ ತೆಗೆಯುವಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಇಬ್ಬರು ಪಂಚರನ್ನು ಕರೆದುಕೊಂಡು ಬೋರಿಸಾವ್‌ನ ಸ್ಟುಡಿಯೊಗೆ ಹೋದರು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಗೋಡೆ ತುಂಬ ಮದುಮಕ್ಕಳ ಫೋಟೊ.

"ಎಷ್ಟು ಕ್ಯಾಮೆರಾ ಇತ್ತು ಅವತ್ತು?" ಎಂದು ಸ್ವೆತೊಲಿಕ್ ಕೇಳಿದ.

"ಎರಡು. ಒಂದು ನನ್ ಕೈಲಿ. ಒಂದು ಎದುರುಗಡೆ ಗಾಡಿ ಮೇಲೆ, ತಾನಾಗಿ ಓಡ್ತಿತ್ತು."

"ಆ ನಾಲ್ಕು ನಿಮಿಷಕ್ಕೆ ಕೈಲಿರೋದರ ಚಿತ್ರ ಹಾಕಬಹುದಿತ್ತಲ್ಲ?"

ಬೋರಿಸಾವ್ ಮೇಜಿನ ಮೇಲಿದ್ದ ಕೇಬಲ್ ಸುತ್ತತೊಡಗಿದ.

"ಕೈಲಿರೋದು ಆಗ ಎಲ್ಲಿತ್ತು?"

"ಹುಲ್ಲಿನ ಮೇಲೆ ಇಟ್ಟಿದ್ದೆ. ಬ್ಯಾಟರಿ ಹೋಗಿತ್ತು."

"ಗಾಡಿ ಮೇಲಿನದು?"

"ಅಳಿಸಿದೆ ಅಂದ್ನಲ್ಲ, ಸಾಹೇಬ್ರೆ."

ಯಾಸ್ನಾ ಕಂಪ್ಯೂಟರ್ ತೆರೆದು ನೋಡಿದಳು. ನಿಜ, ಏನೂ ಇರಲಿಲ್ಲ. ಪಂಚರು ಬಾಗಿಲ ಕಡೆ ನೋಡತೊಡಗಿದರು. ಸ್ವೆತೊಲಿಕ್ ಕುರ್ಚಿ ಎಳೆದು ಬೋರಿಸಾವ್‌ನ ಎದುರಿಗೆ ಕೂತ.

"ಫ್ಲೋರಿಕಾಳ ಕುಣಿತ ಅಳಿಸಿದೆ ಅಂತ ನನ್ ಕಣ್ಣು ನೋಡಿ ಹೇಳು."

ಬೋರಿಸಾವ್‌ನ ಕಣ್ಣು ಒಂದು ಗಳಿಗೆ ಮೂಲೆಯ ದೇವರ ಪಟದ ಕಡೆ ಹೋಗಿ ಬಂತು. ಅಷ್ಟು ಸಾಕಾಯಿತು. ಸಂತ ಪೆತ್ಕಾಳ ಪಟದ ಹಿಂದೆ, ಒಣಗಿದ ತುಳಸಿ ಕಡ್ಡಿಗಳ ನಡುವೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಕ್ಯಾಮೆರಾದ ಮೆಮೊರಿ ಕಾರ್ಡ್ ಇತ್ತು. ಪಂಚನಾಮೆ ಬರೆದು ಮೊಹರು ಮಾಡಿದರು. ಬೋರಿಸಾವ್‌ನನ್ನು ಠಾಣೆಗೆ ಕರೆತಂದು ಒಳಕೋಣೆಯಲ್ಲಿ ಕೂರಿಸಿದರು.

ಚಿತ್ರದಲ್ಲಿರುವ ಜನರನ್ನು ಗುರುತಿಸಲು ಸ್ತಮೇನಾಳನ್ನೇ ಕರೆಸಬೇಕಾಯಿತು. ಬೇರೆ ಯಾರನ್ನಾದರೂ ಕರೆಸೋಣ ಎಂದು ಯಾಸ್ನಾ ಮೆಲ್ಲಗೆ ಅಂದಳು. ದೂರು ಕೊಟ್ಟವಳು ಅವಳು, ಮಾಳಿಗೆ ಅವಳದು ಎಂದ ಸ್ವೆತೊಲಿಕ್. ಕಾನೂನಿನ ಪ್ರಕಾರ ಅವನ ಮಾತು ಸರಿಯಾಗಿತ್ತು.

ಗಾಡಿಯ ಮೇಲಿನ ಕ್ಯಾಮೆರಾಕ್ಕೆ ಇಡೀ ಬಯಲು ಕಾಣುತ್ತಿತ್ತು. ಮುಂದೆ ಕುಣಿತದ ಸುತ್ತು, ಹಿಂದೆ ಸ್ತಮೇನಾಳ ಮಾಳಿಗೆಯ ಬಾಗಿಲು. ತ್ರಾಯ್ಲೊ ಬಾಯಿ ಮುಚ್ಚಿ, ನಗುತ್ತಾ, ಖಾಲಿ ಹೂಜಿ ಹಿಡಿದು ಮಾಳಿಗೆಗೆ ಇಳಿದ. ಕುಣಿಯುವವರಿಗೆ ರಸ ಹಂಚುವುದು ಸತ್ತವಳ ಸೋದರಮಾವನ ಕೆಲಸ. ಹೋಗಿ ತುಂಬಿಸಿ ಬರುವಷ್ಟು ಹೊತ್ತಿಗೆ ಏನೂ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆಗ ಬೋರಿಸಾವ್ ಕಾಣಿಸಿಕೊಂಡ. ಕೈಯಲ್ಲಿದ್ದ ಕ್ಯಾಮೆರಾವನ್ನು ಹುಲ್ಲಿನ ಮೇಲಿಟ್ಟು, ನಡೆದುಹೋಗಿ, ಬಾಗಿಲೆಳೆದು ಹೊರಗಿನ ಅಗುಳಿ ಹಾಕಿದ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಸಿಗರೇಟು ಹಚ್ಚಿದ.

ಬಾಗಿಲು ಅವನ ಬೆನ್ನ ಹಿಂದೆ ಅದುರುತ್ತಿತ್ತು. ಜನರೆಲ್ಲ ಕುಣಿತದ ಕಡೆ ಮುಖ ಮಾಡಿದ್ದರು. ತುತ್ತೂರಿಯ ಅಬ್ಬರಕ್ಕೆ ಬೇರೇನೂ ಕೇಳುವ ಹಾಗಿರಲಿಲ್ಲ. ಕುಣಿತದ ಮುಂದಾಳಾಗಿ ಮಗಳ ಫೋಟೊ ಎದೆಗವಚಿಕೊಂಡ ಸ್ತಮೇನಾ ಆ ಬಾಗಿಲಿನ ಹತ್ತಿರದಲ್ಲೇ, ಕೈ ಚಾಚಿದರೆ ಸಿಗುವಷ್ಟರಲ್ಲಿ, ಹಾದುಹೋದಳು. ಅದುರುವುದು ನಿಂತಿತು.

ಸ್ವೆತೊಲಿಕ್ ನಿಲ್ಲಿಸಲು ಕೈ ಚಾಚಿದ.

"ನಿಲ್ಲಿಸ್ಬೇಡ," ಎಂದಳು ಸ್ತಮೇನಾ.

"ಸಾಕಮ್ಮ. ಗುರುತು ಹಿಡಿದಾಯ್ತಲ್ಲ."

"ಕುಣಿತ ಮುಗಿದಿಲ್ಲ. ಮುಗೀಲಿ."

ಬೋರಿಸಾವ್ ಸಿಗರೇಟು ಹೊಸಕಿ, ಅಗುಳಿ ತೆಗೆದು, ಕ್ಯಾಮೆರಾ ಎತ್ತಿಕೊಂಡು ಮತ್ತೆ ಕೆಲಸಕ್ಕೆ ಹತ್ತಿದ. ಕುಣಿತ ಸುತ್ತು ಪೂರೈಸಿ ನಿಂತಿತು. ಸ್ತಮೇನಾ ಶಿಲುಬೆಯ ಗುರುತು ಮಾಡಿಕೊಂಡಳು, ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಆಮೇಲೆ ಇದರ ಒಂದು ಪ್ರತಿ ಬೇಕು, ಮಗನಿಗೆ ಕಳಿಸಬೇಕು ಎಂದಳು. ಪ್ರಕರಣ ಮುಗಿಯುವವರೆಗೆ ಇದು ಕೋರ್ಟಿನ ಸೊತ್ತು, ಕೊಡಲು ಬರುವುದಿಲ್ಲ ಎಂದು ಸ್ವೆತೊಲಿಕ್ ಹೇಳಿದ. ಎಷ್ಟು ದಿನ ಎಂದು ಕೇಳಿದಳು. ವರ್ಷಗಳೂ ಆಗಬಹುದು ಎಂದ. ಮುದುಕಿ ಪೆನ್‌ಡ್ರೈವನ್ನು ವಾಪಸು ಕೇಳಿ ತೆಗೆದುಕೊಂಡು ಹೋದಳು.

ಸಂಜೆ ಎಫ್‌ಐಆರ್ ಆಯಿತು, ಕೊಲೆಯ ಆರೋಪದ ಮೇಲೆ ಬೋರಿಸಾವ್‌ನ ಬಂಧನವೂ ಆಯಿತು. ಅವನು ಏನನ್ನೂ ಅಲ್ಲಗಳೆಯಲಿಲ್ಲ. ಹಳೆಯ ಕತೆ ಹೇಳಿದ. ಅವನು ತೆಗೆದ ಮೊದಲ ಮದುವೆಯ ವಿಡಿಯೊ ನಿಜವಾಗಿಯೂ ಕೆಟ್ಟು, ಮದುಮಗಳು ಬಾಯಿ ತೆರೆದಾಗಲೇ ನಿಂತುಹೋಗಿತ್ತು. ಅಂದಿನಿಂದ ಅವನು ಕ್ಯಾಮೆರಾ ಎತ್ತಿದಲ್ಲೆಲ್ಲ ತ್ರಾಯ್ಲೊ ಎದುರಿಗೆ ಬಂದು ಬಾಯಿ ತೆರೆದು ನಿಲ್ಲುತ್ತಿದ್ದ, ಊರು ನಗುತ್ತಿತ್ತು. ಮಕ್ಕಳು ಕಲಿತರು. ಹೋದ ವರ್ಷ ಬೋರಿಸಾವ್‌ನ ಮಗನ ಮದುವೆಯಲ್ಲಿ ತ್ರಾಯ್ಲೊ ಅದನ್ನೇ ಮಾಡಿದಾಗ ಹೆಣ್ಣಿನ ಕಡೆಯವರೂ, ಸೊಸೆಯೂ ನಕ್ಕರು.

"ಅವತ್ತು ಸತ್ತವಳ ಫೋಟೊ ಮುಂದೆ ಕೂಡ ಅದನ್ನೇ ಮಾಡ್ದ. ಹೆದರಿಸೋಣ ಅಂತ ಅಗುಳಿ ಹಾಕ್ದೆ, ಸಾಹೇಬ್ರೆ. ಹಾಕಿದ್ಮೇಲೆ ತೆಗಿಯೋಕೆ ಕೈ ಬರ್ಲಿಲ್ಲ. ಹಿಂದೆ ಬಡೀತಾನೇ ಇದ್ದ. ನಂಗೆ ಸುಖ ಅನ್ನಿಸ್ತು."

"ಗಾಡಿ ಮೇಲಿಂದು ಓಡ್ತಿತ್ತಲ್ಲ?"

"ಮರ್ತಿದ್ದೆ. ಎಡಿಟ್ ಮಾಡುವಾಗ ನೋಡ್ದೆ."

ಆ ನಾಲ್ಕು ನಿಮಿಷವನ್ನು ಮುಚ್ಚಲು ಬೇರೆ ಚಿತ್ರ ಸಿಗಲಿಲ್ಲವೇ, ತ್ರಾಯ್ಲೊನ ಮುಖವೇ ಏಕೆ ಎಂದು ಯಾಸ್ನಾ ಕೇಳಿದಳು. ಬೋರಿಸಾವ್ ಹೇಳಿಕೆಯ ಕಾಗದ ಎಳೆದುಕೊಂಡು ಸಹಿ ಹಾಕಿದ.

ಡಿಸೆಂಬರ್ ಮೊದಲ ವಾರ ತ್ರಾಯ್ಲೊನ ನಲವತ್ತನೆಯ ದಿನದ ಊಟಕ್ಕೆ ಸ್ವೆತೊಲಿಕ್ ಹೋದ. ಸತ್ತವನು ಓಡಾಡುವ ವಿಡಿಯೊ ಆ ಮನೆಯಲ್ಲಿ ಬೇರೊಂದಿರಲಿಲ್ಲವಾದ್ದರಿಂದ ಆ ಪೆನ್‌ಡ್ರೈವಿನದನ್ನೇ ಹಾಕಿದ್ದರು. ಹುರುಳಿಕಾಯಿ ಸಾರು, ಮೀನು ಬಡಿಸುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತಿತು. ಮೇಜಿನ ಸುತ್ತಲಿನವರು ಅದನ್ನು ನೋಡುತ್ತಾ ಉಣ್ಣುತ್ತಿದ್ದರು. ಹೊರಗೆ ಅಂಗಳದಲ್ಲಿ ಮಕ್ಕಳು, ಬೋರಿಸಾವ್‌ನ ಮಗ ಬೀದಿಯಲ್ಲಿ ಹಾದುಹೋಗುವುದನ್ನು ಕಂಡು, ಬಾಯಿ ತೆರೆದು ಕೈಯೆತ್ತಿ ನಿಂತರು. ಸ್ತಮೇನಾ ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು. ತಮ್ಮನ ಮುಖವನ್ನು ಅಂಗೈಯಿಂದ ಮುಚ್ಚಿ, ನಾಲ್ಕು ನಿಮಿಷವೂ ಮೂಲೆಯಲ್ಲಿ ಉರಿಯುವ ಮೇಣದಬತ್ತಿಯನ್ನಷ್ಟೇ ನೋಡುತ್ತಾ ಕೂತಳು.