ಆರು ಚಮಚಕ್ಕೆ ಒಂದೇ ಗೀರು

ಮಾರ್ಚ್ ಹನ್ನೊಂದರ ಬೆಳಗ್ಗೆ 9.40ಕ್ಕೆ ನಿವೃತ್ತ ವೈದ್ಯೆಯೊಬ್ಬರು ಠಾಣೆಯ ಮೇಜಿನ ಮೇಲೆ ಮಖಮಲ್ಲಿನ ಪೆಟ್ಟಿಗೆ ಇಟ್ಟರು. ಒಳಗೆ ಆರು ಪುಟ್ಟ ಬೆಳ್ಳಿ ಚಮಚ. ನೂರು ವರ್ಷ ಹಳೆಯವು ಎಂದು ಮನೆಯವರ ಹೆಮ್ಮೆ. ಹಿಂದಿನ ದಿನ ನೋಡಲು ಬಂದ ವಸ್ತುಸಂಗ್ರಹಾಲಯದವರು ನಕಲಿ ಎಂದು ಎದ್ದುಹೋಗಿದ್ದರು. ಅಡುಗೆಯಾಕೆಯೇ ಬದಲಾಯಿಸಿದ್ದಾಳೆ ಎಂಬುದು ದೂರು. ಎಫ್‌ಐಆರ್ ಆಯಿತು, ಆಕೆಯನ್ನೂ ಕರೆತಂದರು. ಬಡವರ ಮೇಲೆ ಅನುಮಾನ ಬೀಳಲು ಸಾಕ್ಷಿ ಬೇಕಿಲ್ಲ.

"ಪೆಟ್ಟಿಗೆ ಮನೆಯಿಂದ ಯಾವತ್ತಾದ್ರೂ ಹೊರಗೆ ಹೋಗಿತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹೋದ ತಿಂಗಳು ಪಾಲಿಶ್‌ಗೆ ಕೊಟ್ಟಿದ್ರು ಸಾರ್. ನಾನು ಮುಟ್ಟಿಲ್ಲ. ಕಳ್ಳಿ ಅಂತ ಹೆಸರು ಬಂದ್ರೆ ನನಗೆ ಯಾವ ಮನೇಲೂ ಕೆಲಸ ಸಿಗಲ್ಲ."

ಸಂಜೆ ಐದಕ್ಕೆ ಆಕೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು.

ಪಂಚನಾಮೆಗೆಂದು ಪ್ರತಿ ಚಮಚದ ಮೇಲಿದ್ದ, ಮಾಡಿದವರ ಗುರುತಿನ ಮುದ್ರೆಯ ಚಿತ್ರ ಬರೆಯುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ಮೂರನೆಯದಕ್ಕೇ ಬೇಸತ್ತಳು. "ಆರಕ್ಕೂ ಒಂದೇ ಚಿತ್ರ ಸಾಕು ಸಾರ್. ಗೀರು ಕೂಡ ಒಂದೇ ಕಡೆ ಇದೆ."

ಇನ್‌ಸ್ಪೆಕ್ಟರ್ ಭೂತಗನ್ನಡಿ ಕಸಿದುಕೊಂಡು ನೋಡಿದರು. ಹೌದು.

ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನ 1.20ಕ್ಕೆ ಪಾಲಿಶ್ ಮಾಡಿದ್ದ ಬೆಳ್ಳಿ ಕೆಲಸದವನು ಬಂದ. ಅರವತ್ತು ದಾಟಿದವನು, ಹಳೆಯ ಮುದ್ರೆ ಓದುವುದರಲ್ಲಿ ಎತ್ತಿದ ಕೈ.

"ಎರಕ ಹೊಯ್ದಿದ್ದು ಸಾರ್," ಚಮಚ ತಿರುಗಿಸಿ ನೋಡಿ ಅವನೆಂದ. "ಮುದ್ರೆಯ ಅಂಚು ಮೊಂಡಾಗಿದೆ."

"ಕೈಯಲ್ಲಿ ಹೊಡೆದ ಮುದ್ರೆ ಆರಕ್ಕೂ ಒಂದೇ ಜಾಗಕ್ಕೆ, ಒಂದೇ ಓರೆಗೆ ಬೀಳುತ್ತಾ?"

"ಸಾಧ್ಯವೇ ಇಲ್ಲ."

"ಹಾಗಾದ್ರೆ ಒಂದು ಅಸಲಿ ಇಟ್ಕೊಂಡು ಆರೂ ಹೊಯ್ದಿದ್ದಾರೆ. ಗೀರನ್ನೂ ಬಿಟ್ಟಿಲ್ಲ. ಬೆಳ್ಳಿ ಕರಗಿಸೋ ಕುಲುಮೆ ಅಡುಗೆಯಾಕೆ ಹತ್ರ ಇದೆಯಾ?"



3.15ಕ್ಕೆ ಇಬ್ಬರು ಪಂಚರ ಎದುರು ಅವನ ಅಂಗಡಿ ಶೋಧಿಸಿದರು. ಕುಲುಮೆಯ ಹಿಂದೆ ಒಡೆದ ಅಚ್ಚು ಸಿಕ್ಕಿತು. ಖಾನೆಯಲ್ಲಿ ಬಟ್ಟೆ ಸುತ್ತಿದ ಆರು ಚಮಚಗಳಿದ್ದವು. ಒಂದೊಂದರ ಮುದ್ರೆಯೂ ಒಂದೊಂದು ಕಡೆ ವಾಲಿತ್ತು. 4.10ಕ್ಕೆ ಅವನನ್ನು ಬಂಧಿಸಿದರು. ಅಡುಗೆಯಾಕೆಯನ್ನು ಬಿಟ್ಟು ಕಳಿಸಿ ಎಂದು ಠಾಣೆಗೆ ಫೋನ್ ಹೋಯಿತು.

"ನಲವತ್ತು ವರ್ಷದ ಕಸುಬು ನಿಮ್ಮದು," ಜೀಪಿನಲ್ಲಿ ಇನ್‌ಸ್ಪೆಕ್ಟರ್ ಕೇಳಿದರು. "ಮುದ್ರೆ ಇಲ್ಲದ ಚಮಚ ಹೊಯ್ದು ಆಮೇಲೆ ಒಂದೊಂದಕ್ಕೂ ಬೇರೆಬೇರೆಯಾಗಿ ಮುದ್ರೆ ಹೊಡೆದಿದ್ರೆ ನಮಗೆಲ್ಲಿ ತಿಳೀತಿತ್ತು?"

"ಅದು ನಮ್ಮ ತಾತನ ಮುದ್ರೆ ಸಾರ್. ಅವರು ಮಾಡಿದ ಒಂದು ಸಾಮಾನೂ ನಮ್ಮನೇಲಿ ಉಳಿದಿಲ್ಲ. ಡಾಕ್ಟ್ರಮ್ಮನ್ನ ಮೂರು ಸಲ ಕೇಳ್ದೆ, ಒಂದನ್ನೂ ಕೊಡಲ್ಲ ಅಂದ್ರು. ತಾತನ ಮುದ್ರೆ ಉಳಿ ಇನ್ನೂ ನನ್ನ ಹತ್ರಾನೇ ಇದೆ. ಆದ್ರೆ ಸುಳ್ಳು ಚಮಚದ ಮೇಲೆ ಅದನ್ನಿಟ್ಟು ಹೊಡೆಯೋಕೆ ಕೈ ಬರಲಿಲ್ಲ."

ಇನ್‌ಸ್ಪೆಕ್ಟರಿಗೆ ಕನಿಕರವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಆ ಹೆಂಗಸು ಬೆಳಗ್ಗಿಂದ ಠಾಣೇಲಿ ಅಳ್ತಾ ಕೂತಿದ್ದಳು. ನೀವು ಅವಳ ಮುಂದೇನೇ ಹಾದು ಒಳಗೆ ಬಂದ್ರಿ. ಆಗ?"

ಠಾಣೆ ತಲುಪುವವರೆಗೂ ಮುದುಕ ತಲೆ ಎತ್ತಲಿಲ್ಲ.